ಸವಾರನಿಗೆ ಹಿತವಾದ ಜೀನನ್ನು ಆರಿಸುವುದು ಹೇಗೆ?

ಮೋಟಾರು ಸೈಕಲ್ಲು, ಟ್ರ್ಯಾಕ್ಟರುಗಳು ಬಂದ ಮೇಲೆ ನಮ್ಮ ಹಳ್ಳಿಗಳಲ್ಲಿ ಸವಾರಿ ಕುದುರೆಗಳು ಕಡಿಮೆಯಾಗಿವೆ. ಆದರೂ ಕುದುರೆಯ ಮೇಲಿನ ಅಭಿಮಾನದಿಂದ ಮನೆಯ ಮುಂದೆ ಒಂದನ್ನು ಕಟ್ಟಿದ ರೈತರು ಅಲ್ಲಲ್ಲಿ ಇದ್ದಾರೆ. ತೋಟ, ಹೊಲಗಳ ಮೇಲೆ ಒಂದು ಸುತ್ತು ಬರಲು, ಜಾತ್ರೆಗೆ ಹೋಗಿ ಬರಲು ಅದನ್ನು ಬಳಸುತ್ತಾರೆ. ಇಂಥವರಲ್ಲಿ ಅನೇಕರ ದೂರು ಒಂದೇ: "ಒಂದು ಗಂಟೆ ಸವಾರಿ ಮಾಡಿದರೆ ಎರಡು ದಿನ ನಡು ಎತ್ತಲಾಗುವುದಿಲ್ಲ."

ಈ ನೋವಿಗೆ ಹೆಚ್ಚಿನವರು ಮಾಡುವ ಉಪಾಯ ಜೀನಿನ ಮೇಲೆ ಮೆತ್ತನೆಯ ದಿಂಬು ಹಾಕುವುದು, ಇಲ್ಲವೇ ಜೀನಿನ ಕೆಳಗೆ ಇನ್ನೊಂದು ಕಂಬಳಿ ಮಡಚಿ ಇಡುವುದು. ಇದರಿಂದ ನೋವು ಹೋಗುವುದಿಲ್ಲ. ಅನೇಕ ವೇಳೆ ಹೆಚ್ಚಾಗುತ್ತದೆ. ನಡು ಜೋತುಬಿದ್ದ ಹಗ್ಗದ ಮಂಚ ಮೆತ್ತಗಿರುತ್ತದೆ, ಆದರೆ ಅದರ ಮೇಲೆ ಮಲಗಿದವನ ಬೆನ್ನು ಬೆಳಗ್ಗೆ ನೋಯುತ್ತದೆ. ಜೀನಿನ ವಿಷಯವೂ ಹಾಗೆಯೇ. ಹಿತವು ಮೆತ್ತನೆಯಿಂದ ಬರುವುದಿಲ್ಲ. ಜೀನು ಸಮಮಟ್ಟವಾಗಿ ಕೂತು, ಅಳತೆ ಸರಿಯಾಗಿದ್ದು, ಕಾಲು ಸರಿಯಾದ ಜಾಗದಲ್ಲಿ ಇಳಿಬಿದ್ದಾಗ ಹಿತ ಬರುತ್ತದೆ.

ಮೊದಲು ಕುದುರೆಯ ಬೆನ್ನು ನೋಡಿ

ಸವಾರನ ಸುಖಕ್ಕೂ ಕುದುರೆಯ ಬೆನ್ನಿಗೂ ಏನು ಸಂಬಂಧ ಎಂದು ಕೇಳಬಹುದು. ಜೀನಿನ ಒಳಗೆ ಮರದ, ಉಕ್ಕಿನ ಅಥವಾ ಪ್ಲಾಸ್ಟಿಕ್ಕಿನ ಒಂದು ಗಟ್ಟಿ ಚೌಕಟ್ಟು ಇರುತ್ತದೆ. ಈ ಚೌಕಟ್ಟಿನ ಮುಂಭಾಗದ ಕಮಾನು ಕುದುರೆಯ ಮೈಗೆ ಇಕ್ಕಟ್ಟಾದರೆ ಜೀನಿನ ಮುಂಭಾಗ ಮೇಲೆದ್ದು ಸವಾರ ಹಿಂದಕ್ಕೆ ಜಾರುತ್ತಾನೆ. ಕಮಾನು ಅಗಲವಾದರೆ ಮುಂಭಾಗ ಕುಸಿದು ಸವಾರ ಮುಂದಕ್ಕೆ ಜಾರುತ್ತಾನೆ. ಎರಡರಲ್ಲೂ ಸವಾರ ತನ್ನ ನಡು ಮತ್ತು ತೊಡೆಗಳ ಬಲದಿಂದ ಮೈಯನ್ನು ಹಿಡಿದುಕೊಳ್ಳಬೇಕಾಗುತ್ತದೆ. ನೋವು ಶುರುವಾಗುವುದು ಇಲ್ಲಿಂದಲೇ.

ಪರೀಕ್ಷೆ ಸುಲಭ. ಕುದುರೆಯನ್ನು ಸಮನೆಲದ ಮೇಲೆ ನಿಲ್ಲಿಸಿ. ಕಂಬಳಿ ಇಲ್ಲದೆ ಜೀನನ್ನು ಹೆಗಲ ಉಬ್ಬಿನ ಮೇಲೆ ಸ್ವಲ್ಪ ಮುಂದೆ ಇಟ್ಟು, ಕೂದಲು ಮಲಗಿದ ದಿಕ್ಕಿನಲ್ಲಿ ಹಿಂದಕ್ಕೆ ಜಾರಿಸಿ. ತಾನಾಗಿ ನಿಂತ ಜಾಗವೇ ಅದರ ಜಾಗ. ಈಗ ಕೆಳಗಿನವನ್ನು ಗಮನಿಸಿ:

1. ಕುಳಿತುಕೊಳ್ಳುವ ಜಾಗದ ಮೇಲೆ ಒಂದು ನಿಂಬೆಹಣ್ಣನ್ನು ಬಿಡಿ. ಅದು ಉರುಳಿ ನಡುವಿನಲ್ಲಿ ನಿಂತರೆ ಜೀನು ಸಮಮಟ್ಟದಲ್ಲಿದೆ. ಹಿಂದಕ್ಕೆ ಅಥವಾ ಮುಂದಕ್ಕೆ ಹೋಗಿ ನಿಂತರೆ ಸವಾರನೂ ಅಲ್ಲಿಗೇ ಜಾರುತ್ತಾನೆ.

2. ಸವಾರ ಕುಳಿತ ಮೇಲೆಯೂ ಹೆಗಲ ಉಬ್ಬಿಗೂ ಜೀನಿನ ಕಮಾನಿಗೂ ನಡುವೆ ಎರಡು ಮೂರು ಬೆರಳು ತೂರುವಷ್ಟು ಜಾಗ ಉಳಿಯಬೇಕು.

3. ಜೀನಿನ ಅಡಿಯ ಎರಡು ದಿಂಬುಗಳ ನಡುವಿನ ತೋಡು ಉದ್ದಕ್ಕೂ ಮೂರು ನಾಲ್ಕು ಬೆರಳು ಅಗಲವಿರಬೇಕು. ಬೆನ್ನುಮೂಳೆಗೆ ಜೀನು ಎಲ್ಲಿಯೂ ತಾಗಬಾರದು.

4. ಜೀನು ಕಡೆಯ ಪಕ್ಕೆಲುಬನ್ನು ದಾಟಿ ಹಿಂದಕ್ಕೆ ಚಾಚಿರಬಾರದು. ಅಲ್ಲಿಂದ ಮುಂದೆ ಭಾರ ಹೊರಲು ಪಕ್ಕೆಲುಬುಗಳ ಆಸರೆ ಇಲ್ಲ.

ಇಕ್ಕಟ್ಟಾದ ಜೀನಿಗೆ ಇನ್ನೊಂದು ಕಂಬಳಿ ಹಾಕುವುದು ಬಿಗಿಯಾದ ಬೂಟಿಗೆ ಎರಡನೆಯ ಕಾಲುಚೀಲ ಹಾಕಿದಂತೆ. ಹಿಡಿತ ಇನ್ನಷ್ಟು ಬಿಗಿಯಾಗಿ ಬೆನ್ನು ಹುಣ್ಣಾಗುತ್ತದೆ. ಬೆನ್ನಿನಲ್ಲಿ ಹುಣ್ಣಾದ ಕುದುರೆಗೆ ಅದು ಪೂರ್ತಿ ಮಾಯುವವರೆಗೆ ಜೀನು ಹಾಕುವಂತಿಲ್ಲ. ನೊಗ ತಾಗಿ ಹೆಗಲು ಹುಣ್ಣಾದ ಎತ್ತಿನಿಂದ ಎಷ್ಟು ದಿನದ ಕೆಲಸ ಕೆಡುತ್ತದೆಂಬುದನ್ನು ರೈತರಿಗೆ ಹೇಳಬೇಕಾಗಿಲ್ಲ.

ಕುಳಿತುಕೊಳ್ಳುವ ಜಾಗದ ಅಳತೆ

ಜೀನಿನ ಅಳತೆ ಸವಾರನ ತೂಕಕ್ಕಿಂತ ಹೆಚ್ಚಾಗಿ ಅವನ ತೊಡೆಯ ಉದ್ದವನ್ನು ಅವಲಂಬಿಸಿದೆ. ಗೋಡೆಗೆ ಬೆನ್ನು ತಾಗಿಸಿ ಕುರ್ಚಿಯ ಮೇಲೆ ನೆಟ್ಟಗೆ ಕುಳಿತು, ಗೋಡೆಯಿಂದ ಮಂಡಿಯ ತುದಿಯವರೆಗೆ ಅಳೆಯಿರಿ. ಜೀನಿನಲ್ಲಿ ಮುಂದಿನ ಏರಿನ ಪಕ್ಕದಲ್ಲಿರುವ ಸಣ್ಣ ಮೊಳೆಯಿಂದ ಹಿಂದಿನ ಏರಿನ ನಡುವಿನವರೆಗೆ ಅಳೆಯುವುದು ರೂಢಿ. ಸಾಮಾನ್ಯ ಇಂಗ್ಲಿಷ್ ಮಾದರಿಯ ಜೀನಿಗೆ ಈ ಲೆಕ್ಕ ಸುಮಾರಾಗಿ ಹೊಂದುತ್ತದೆ:

ತೊಡೆಯ ಉದ್ದ 42ರಿಂದ 47 ಸೆಂ.ಮೀ. ಇದ್ದರೆ: 16 ಅಂಗುಲದ ಜೀನು
47ರಿಂದ 51 ಸೆಂ.ಮೀ.: 16½ ಅಂಗುಲ
51ರಿಂದ 55 ಸೆಂ.ಮೀ.: 17 ಅಂಗುಲ
55ರಿಂದ 58 ಸೆಂ.ಮೀ.: 17½ ಅಂಗುಲ
58 ಸೆಂ.ಮೀ.ಗಿಂತ ಹೆಚ್ಚು: 18 ಅಂಗುಲ

ಇದು ಅಂದಾಜು ಮಾತ್ರ. ಕೊನೆಯ ತೀರ್ಮಾನವನ್ನು ಜೀನಿನ ಮೇಲೆ ಕುಳಿತೇ ಮಾಡತಕ್ಕದ್ದು. ನಡುವಿನ ತಗ್ಗಿನಲ್ಲಿ ಕುಳಿತಾಗ ನಿಮ್ಮ ಹಿಂದೆ ಅಂಗೈ ಅಗಲದಷ್ಟು ಜಾಗ ಉಳಿದರೆ ಸರಿ. ಮಂಡಿಯು ಜೀನಿನ ಪಕ್ಕದ ಚರ್ಮವನ್ನು ದಾಟಿ ಮುಂದಕ್ಕೆ ಚಾಚಬಾರದು. ಚಿಕ್ಕದಾದ ಜೀನು ಸವಾರನನ್ನು ಹಿಂದಿನ ಏರಿನ ಮೇಲೆ ಕೂರಿಸುತ್ತದೆ. ಆಗ ಅವನ ಭಾರವೆಲ್ಲ ಕುದುರೆಯ ಬೆನ್ನಿನ ಹಿಂಭಾಗಕ್ಕೆ ಬೀಳುತ್ತದೆ. ತೀರ ದೊಡ್ಡದಾದರೆ ಕುದುರೆ ಓಡುವಾಗ ಸವಾರ ಹಿಂದೆ ಮುಂದೆ ಜಾರಾಡುತ್ತಾನೆ.

ಗಟ್ಟಿ ಹಲಗೆಯ ಮೇಲೆ ಕುಳಿತರೆ ಕೆಳಗೆ ಎರಡು ಎಲುಬುಗಳು ಒತ್ತುವುದು ತಿಳಿಯುತ್ತದೆ. ಜೀನಿನ ಮೇಲೆಯೂ ಭಾರ ಈ ಎರಡು ಎಲುಬುಗಳ ಮೇಲೆ ಸಮನಾಗಿ ಬೀಳಬೇಕು. ಹೆಂಗಸರಲ್ಲಿ ಇವುಗಳ ನಡುವಿನ ಅಂತರ ಸಾಮಾನ್ಯವಾಗಿ ಹೆಚ್ಚು. ಆದ್ದರಿಂದ ಗಂಡಸರಿಗೆ ಹಿತವಾದ ಜೀನು ಮನೆಯ ಹೆಣ್ಣುಮಕ್ಕಳಿಗೂ ಹಿತವಾಗಿರುತ್ತದೆಂದು ತಿಳಿಯಬಾರದು. ಸವಾರಿ ಮಾಡುವವರೇ ಕುಳಿತು ನೋಡಬೇಕು.

ರಿಕಾಪಿನ ಉದ್ದ ಮತ್ತು ಅಗಲ

ಸೈಕಲ್ಲಿನ ಸೀಟು ತಗ್ಗಾಗಿದ್ದರೆ ಮಂಡಿ ನೋಯುವಂತೆ, ರಿಕಾಪು ಗಿಡ್ಡವಾಗಿದ್ದರೂ ಮಂಡಿ ನೋಯುತ್ತದೆ. ಹತ್ತುವ ಮೊದಲು, ರಿಕಾಪಿನ ಪಟ್ಟಿ ನೇತುಹಾಕುವ ಕೊಂಡಿಗೆ ಬೆರಳ ತುದಿಯನ್ನು ತಾಗಿಸಿ, ರಿಕಾಪನ್ನು ನಿಮ್ಮ ಕಂಕುಳಿಗೆ ಎಳೆದು ನೋಡಿ. ಅದು ಕಂಕುಳನ್ನು ಮುಟ್ಟಿದರೆ ಉದ್ದ ಹೆಚ್ಚುಕಡಿಮೆ ಸರಿ. ಹತ್ತಿದ ಮೇಲೆ ಕಾಲನ್ನು ಸಡಿಲವಾಗಿ ಇಳಿಬಿಟ್ಟಾಗ ರಿಕಾಪಿನ ತಳ ಹರಡಿನ ಗಂಟಿಗೆ ಬರುವುದು ಸಾಧಾರಣ ಸವಾರಿಗೆ ಸೂಕ್ತ.

ರಿಕಾಪಿನ ಅಗಲವು ಪ್ರಾಣದ ವಿಷಯ. ಮೆಟ್ಟಿನ ಅತಿ ಅಗಲವಾದ ಭಾಗಕ್ಕಿಂತ ರಿಕಾಪು ಸುಮಾರು 2.5 ಸೆಂ.ಮೀ. ಹೆಚ್ಚು ಅಗಲವಿರಬೇಕು. ಇಕ್ಕಟ್ಟಾದರೆ ಬಿದ್ದಾಗ ಪಾದ ಸಿಕ್ಕಿಕೊಂಡು ಕುದುರೆ ಸವಾರನನ್ನು ಎಳೆದೊಯ್ಯುತ್ತದೆ. ತೀರ ಅಗಲವಾದರೆ ಪಾದವೇ ತೂರಿಹೋಗುತ್ತದೆ. ಚಪ್ಪಲಿ ಹಾಕಿಕೊಂಡು ಸವಾರಿ ಮಾಡಬಾರದು; ಹಿಮ್ಮಡಿ ಇರುವ ಬೂಟು ಅವಶ್ಯಕ. ಪಟ್ಟಿ ನೇತುಹಾಕುವ ಕೊಂಡಿಯ ತುದಿಯಲ್ಲಿ ಮಡಚುವ ನಾಲಿಗೆಯಿದ್ದರೆ ಸವಾರಿಯ ವೇಳೆ ಅದನ್ನು ತೆರೆದೇ ಇಡಿ. ಸವಾರ ಬಿದ್ದರೆ ಪಟ್ಟಿ ಕಳಚಿಕೊಂಡು ಬರಲೆಂದೇ ಅದನ್ನು ಮಾಡಿರುತ್ತಾರೆ.

ಇನ್ನು ಒಂದು ಪರೀಕ್ಷೆ. ನಿಂತ ಕುದುರೆಯ ಮೇಲೆ, ಏನನ್ನೂ ಹಿಡಿಯದೆ, ರಿಕಾಪಿನಲ್ಲಿ ಎದ್ದು ನಿಲ್ಲಿ. ಆಗ ಮತ್ತೆ ಮತ್ತೆ ಹಿಂದಕ್ಕೆ ಕುಸಿದರೆ ಕೊಂಡಿ ತೀರ ಮುಂದಿದೆ, ಇಲ್ಲವೇ ಜೀನು ಹಿಂದಕ್ಕೆ ಓರೆಯಾಗಿದೆ ಎಂದು ಅರ್ಥ. ಸರಿಯಾದ ಜೀನಿನಲ್ಲಿ ಸವಾರನ ಕಿವಿ, ಭುಜ, ಸೊಂಟ, ಹಿಮ್ಮಡಿ ಇವು ಗಾರೆಯವರ ತೂಗುಗುಂಡಿನ ದಾರದಂತೆ ಒಂದೇ ಗೆರೆಯಲ್ಲಿರುತ್ತವೆ. ಮೈಸೂರು ದಸರೆಯಲ್ಲಿ ಅಶ್ವಾರೋಹಿ ಪೊಲೀಸರು ಕುಳಿತ ರೀತಿಯನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ.

ನೋವು ಎಲ್ಲಿ, ಕಾರಣ ಏನು?

ನಡು ನೋವು: ಜೀನು ಹಿಂದಕ್ಕೆ ಓರೆ, ಇಲ್ಲವೇ ಕಾಲು ತೀರ ಮುಂದಕ್ಕೆ ಹೋಗುತ್ತಿದೆ.
ಮಂಡಿ ನೋವು: ರಿಕಾಪು ಗಿಡ್ಡ.
ಮೀನಖಂಡದ ಸೆಳೆತ: ರಿಕಾಪು ಉದ್ದವಾಗಿ, ಬೆರಳ ತುದಿಯಿಂದ ಎಟುಕಿಸಬೇಕಾಗಿದೆ.
ತೊಡೆಸಂದಿನ ಮುಂಭಾಗದ ಒತ್ತು: ಜೀನು ಮುಂದಕ್ಕೆ ಓರೆ ಅಥವಾ ಚಿಕ್ಕದು.
ಸೊಂಟದ ಕೀಲಿನ ನೋವು: ಕಾಲುಗಳ ನಡುವೆ ಬರುವ ಜೀನಿನ ಭಾಗ ನಿಮಗೆ ತೀರ ಅಗಲ.
ತೊಡೆಯ ಒಳಭಾಗ ಉಜ್ಜಿ ಹೋಗುವುದು: ಷರಾಯಿಯ ದಪ್ಪ ಹೊಲಿಗೆ, ಇಲ್ಲವೇ ಜೀನಿನಲ್ಲಿ ಜಾರಾಟ.

ಬಹಳ ದಿನಗಳ ನಂತರ ಸವಾರಿ ಮಾಡಿದಾಗ ಮಾಂಸಖಂಡಗಳು ನೋಯುವುದು ಸಹಜ. ಅದು ಎರಡು ಮೂರು ದಿನಗಳಲ್ಲಿ ಹೋಗುತ್ತದೆ. ಪ್ರತಿ ಸವಾರಿಯಲ್ಲೂ ಅದೇ ಜಾಗದಲ್ಲಿ ನೋವು ಬಂದರೆ ಜೀನನ್ನು ಪರೀಕ್ಷಿಸಬೇಕು.

ಕೊಳ್ಳುವ ಮುನ್ನ

ಅಗ್ಗಕ್ಕೆ ಸಿಕ್ಕಿತೆಂದು ರೇಸಿನ ಜೀನನ್ನು ಕೊಳ್ಳಬೇಡಿ. ಅದು ಕೆಲವು ನಿಮಿಷ ರಿಕಾಪಿನ ಮೇಲೆ ಬಾಗಿ ನಿಲ್ಲುವ ಜಾಕಿಗಾಗಿ ಮಾಡಿದ್ದು. ಕುಳಿತು ಹೋಗುವವರಿಗೆ ಅದರಲ್ಲಿ ಆಸರೆ ಇಲ್ಲ. ಹಳೆಯ ಸೈನಿಕ ಮಾದರಿಯ ಜೀನಿನಲ್ಲಿ ಎರಡು ಉದ್ದನೆಯ ಪಟ್ಟಿಗಳು ಭಾರವನ್ನು ಹಂಚುವುದರಿಂದ ದೂರದ ಸವಾರಿಗೆ ಅನುಕೂಲ, ಆದರೆ ತೂಕ ಹೆಚ್ಚು. ಹೊಲ, ಊರುಗಳ ನಡುವಿನ ಸವಾರಿಗೆ ಸಾಮಾನ್ಯ ಉಪಯೋಗದ ಜೀನು ಸಾಕು. ಉತ್ತರ ಪ್ರದೇಶದ ಕಾನ್ಪುರ ಜೀನು ತಯಾರಿಕೆಗೆ ಹೆಸರಾದ ಊರು. ಅಲ್ಲಿಂದ ತರಿಸುವವರು ಕುದುರೆಯ ಬೆನ್ನಿನ ಅಳತೆಯನ್ನೂ ಕಳಿಸುವುದು ಒಳ್ಳೆಯದು. ಹೆಗಲ ಉಬ್ಬಿನ ಹಿಂದೆ ಒಂದು ಮೆತ್ತನೆಯ ತಂತಿಯನ್ನು ಬೆನ್ನಿನ ಮೇಲೆ ಅಡ್ಡಲಾಗಿ ಒತ್ತಿ ಬಗ್ಗಿಸಿ, ಅದೇ ಆಕಾರವನ್ನು ಕಾಗದದ ಮೇಲೆ ಬರೆದರೆ ಅಳತೆ ಸಿದ್ಧ.

ಹಳೆಯ ಜೀನಾದರೆ ಮುಂಭಾಗವನ್ನು ಹೊಟ್ಟೆಗೆ ಆನಿಸಿ ಹಿಂದಿನ ಏರನ್ನು ನಿಮ್ಮತ್ತ ಬಲವಾಗಿ ಎಳೆಯಿರಿ. ನಡುವೆ ಮಡಚಿದರೆ ಅಥವಾ ಕಿರುಗುಟ್ಟಿದರೆ ಚೌಕಟ್ಟು ಮುರಿದಿರಬಹುದು. ಎಷ್ಟು ಕಡಿಮೆ ಬೆಲೆಯಾದರೂ ಬೇಡ. ಮಗುಚಿ ಹಾಕಿ ಅಡಿದಿಂಬುಗಳು ಎರಡೂ ಸಮನಾಗಿವೆಯೇ ನೋಡಿ. ಹೊಟ್ಟೆಪಟ್ಟಿ ಬಿಗಿಯುವ ಪಟ್ಟಿಗಳ ಹೊಲಿಗೆಯನ್ನು ಎಳೆದು ನೋಡಿ. ಸಾಧ್ಯವಾದರೆ ನಿಮ್ಮ ಕುದುರೆಯ ಮೇಲೆಯೇ ಹಾಕಿ ಅರ್ಧ ಗಂಟೆ ಸವಾರಿ ಮಾಡದೆ ಹಣ ಕೊಡಬೇಡಿ. ಇಳಿದ ಮೇಲೆ ಜೀನು ತೆಗೆದು ಬೆವರಿನ ಗುರುತು ನೋಡಿ. ಸುತ್ತಲೂ ಬೆವರಿದ್ದು ನಡುವೆ ಅಂಗೈಯಗಲ ಒಣಗಿದ್ದರೆ ಅಲ್ಲಿ ಒತ್ತಡ ಹೆಚ್ಚಿರುವ ಸಂಭವವಿದೆ.

ಭಾರದ ಲೆಕ್ಕ

ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೆಯ ಒಂದು ಭಾಗವನ್ನು ಮೀರಬಾರದೆಂಬುದು ಒಳ್ಳೆಯ ನಿಯಮ. ತೂಕ ತಿಳಿಯಲು ಎದೆಯ ಸುತ್ತಳತೆಯನ್ನು ಅದೇ ಸುತ್ತಳತೆಯಿಂದ ಗುಣಿಸಿ, ಬಂದುದನ್ನು ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಅಳತೆಗಳು ಸೆಂ.ಮೀ.ನಲ್ಲಿರಬೇಕು. ಸುತ್ತಳತೆ 150, ಉದ್ದ 130 ಇದ್ದರೆ ತೂಕ ಸುಮಾರು 246 ಕಿ.ಗ್ರಾಂ. ಅಂದರೆ ಈ ಕುದುರೆ ಹೊರಬಹುದಾದ ಭಾರ 49 ಕಿ.ಗ್ರಾಂ. ನಾಟಿ ತಟ್ಟುಗಳ ಮೇಲೆ ದೊಡ್ಡವರು ಕೂರುವ ಮೊದಲು ಈ ಲೆಕ್ಕವನ್ನು ಮಾಡಿ ನೋಡಬೇಕು.

ಜೀನಿನ ರಕ್ಷಣೆ

ಕುದುರೆಯನ್ನು ಎಡಗಡೆಯಿಂದ ಹತ್ತುವ ರೂಢಿಯಿರುವುದರಿಂದ ಎಡ ರಿಕಾಪಿನ ಪಟ್ಟಿ ಬೇಗ ಹಿಗ್ಗುತ್ತದೆ. ಆಗ ಸವಾರ ಒಂದು ಕಡೆ ವಾಲಿ ಕೂರುತ್ತಾನೆ. ಆಗಾಗ ಎರಡು ಪಟ್ಟಿಗಳನ್ನು ಅದಲುಬದಲು ಮಾಡಿ. ನೆಲದಿಂದ ಹತ್ತುವ ಬದಲು ಜಗಲಿ ಅಥವಾ ಕಲ್ಲಿನ ಮೇಲಿಂದ ಹತ್ತಿದರೆ ಚೌಕಟ್ಟು ತಿರುಚಿಕೊಳ್ಳುವುದಿಲ್ಲ. ಸವಾರಿಯ ನಂತರ ಬೆವರನ್ನು ಒದ್ದೆ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಆರಿಸಿ. ಬಿಸಿಲಿಗೂ ಒಲೆಯ ಹತ್ತಿರವೂ ಇಡಬೇಡಿ. ಅಡಿದಿಂಬಿನ ಉಣ್ಣೆ ಕಾಲಕ್ರಮದಲ್ಲಿ ಅಮರಿ ಗಟ್ಟಿಯಾಗುತ್ತದೆ. ವರ್ಷಕ್ಕೆ ಎರಡು ಬಾರಿಯಾದರೂ ನಿಂಬೆಹಣ್ಣಿನ ಪರೀಕ್ಷೆ ಮಾಡಿ, ಬೇಕಾದರೆ ಚರ್ಮದ ಕೆಲಸ ಬಲ್ಲವರಿಂದ ಉಣ್ಣೆ ಸರಿಮಾಡಿಸಿ. ಕುದುರೆಯ ಬೆನ್ನಿನ ಮೇಲೆ ಬಾವು, ಗಾಯ ಅಥವಾ ಹೊಸದಾಗಿ ಬಿಳಿಕೂದಲು ಕಂಡರೆ ಸವಾರಿ ನಿಲ್ಲಿಸಿ ಹತ್ತಿರದ ಪಶುವೈದ್ಯರನ್ನು ಕಾಣಿರಿ.

ಜೀನು ಹಾಕಿದ ಕೂಡಲೇ ಕುದುರೆ ಕಿವಿ ಹಿಂದಕ್ಕೆ ಮಲಗಿಸಿದರೆ, ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬಂದರೆ, ಅದನ್ನು ತುಂಟತನವೆಂದು ಹೊಡೆಯಬೇಡಿ. ನಿಮ್ಮ ನಡು ಹೇಳುವ ದೂರನ್ನೇ ಕುದುರೆಯೂ ತನ್ನ ರೀತಿಯಲ್ಲಿ ಹೇಳುತ್ತಿರಬಹುದು. ಮೊದಲು ಜೀನನ್ನು ಇಳಿಸಿ ನೋಡಿ.