ತಾರಸ್ಥಾಯಿಗೆ ಮರಳಿದ ಗಾಯಕ

ಪಾಶ್ಚಾತ್ಯರಲ್ಲಿ ‘ಹೆವಿ ಮೆಟಲ್’ ಎಂಬ ಗಾನಪದ್ಧತಿಯೊಂದುಂಟು. ಗುರುಲೋಹಗಾನವೆಂದು ನಾವು ಅದನ್ನು ಕರೆಯಬಹುದು. ಮಳೆಗಾಲದಲ್ಲಿ ಚುಂಚನಕಟ್ಟೆಯ ಕಾವೇರಿಯು ಧುಮುಕುವ ಭೋರ್ಗರೆತವನ್ನು ಕೇಳಿದವರಿಗೆ ಅದರ ಧ್ವನಿಪ್ರಮಾಣವನ್ನು ಬೇರೆಯಾಗಿ ವರ್ಣಿಸಬೇಕಾದುದಿಲ್ಲ. ಹುಣಸೂರು, ಪಿರಿಯಾಪಟ್ಟಣಗಳ ಮನೆಗಳಲ್ಲಿಯೂ ಈಗ ಹುಡುಗರು ಕಿವಿಗೆ ಯಂತ್ರವನ್ನು ಸಿಕ್ಕಿಸಿಕೊಂಡು ಇದನ್ನು ಆಲಿಸುತ್ತಿರುವರು. ಹಿರಿಯರಾದವರು ಇದನ್ನು ಬರಿಯ ಗದ್ದಲವೆಂದು ತಳ್ಳಿಹಾಕುವುದಕ್ಕೆ ಮುನ್ನ ಆ ಪದ್ಧತಿಯ ಒಬ್ಬ ಗಾಯಕನ ವೃತ್ತಾಂತವನ್ನಾದರೂ ತಿಳಿಯುವುದು ಯುಕ್ತವಾಗಿರುತ್ತದೆ.

ಬ್ರೂಸ್ ಡಿಕಿನ್ಸನ್ ಎಂಬಾತನು 1958ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, 1981ರಲ್ಲಿ ‘ಐರನ್ ಮೇಡನ್’ ಎಂಬ ಮೇಳವನ್ನು ಸೇರಿದನು. ಮಂದ್ರವು ಹೃದಯದಲ್ಲಿಯೂ, ಮಧ್ಯವು ಕಂಠದಲ್ಲಿಯೂ, ತಾರವು ಮೂರ್ಧದಲ್ಲಿಯೂ ಹುಟ್ಟುವುದೆಂದು ನಮ್ಮ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಹೇಳಿರುವನಷ್ಟೆ. ಈತನಾದರೋ ತಾರದಲ್ಲಿಯೇ ಬಿಡಾರ ಹೂಡಿದವನು. ವಿದ್ಯುತ್ತಿನಿಂದ ಗರ್ಜಿಸುವ ಗಿಟಾರುಗಳ ಮೇಲೆ ಮನುಷ್ಯಕಂಠವು ತೇಲಬೇಕಾದರೆ ಅದು ಎತ್ತರದಲ್ಲಿಯೇ ಸಂಚರಿಸಬೇಕಲ್ಲವೆ?

ಹನ್ನೆರಡು ವರ್ಷ ಹೀಗೆ ಹಾಡಿದ ತರುವಾಯ ಆತನಿಗೆ ಬೇರೆ ದಾರಿಗಳನ್ನು ನೋಡುವ ಬಯಕೆಯಾಯಿತು. 1993ರಲ್ಲಿ ಮೇಳವನ್ನು ಬಿಟ್ಟನು. 1996ರ ‘ಸ್ಕಂಕ್‌ವರ್ಕ್ಸ್’ ಎಂಬ ಸಂಪುಟದಲ್ಲಿ ಆ ಕಾಲದ ಹೊಸ ರೀತಿಯನ್ನು ಅನುಸರಿಸಿದನು. ಹಳೆಯ ರಸಿಕರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ಮರುವರ್ಷವೇ, ಹಿಂದೆ ಅದೇ ಮೇಳದಲ್ಲಿದ್ದ ಏಡ್ರಿಯನ್ ಸ್ಮಿತ್ ಎಂಬ ಗಿಟಾರುವಾದಕನನ್ನು ಜತೆಗೂಡಿಸಿಕೊಂಡು ‘ಆಕ್ಸಿಡೆಂಟ್ ಆಫ್ ಬರ್ತ್’ ಎಂಬುದನ್ನು ಹೊರತಂದನು. ಇದರಲ್ಲಿ ಹಳೆಯ ಪದ್ಧತಿಯೇ ಮರಳಿ ಬಂದಿತು. ಸೋತವನ ಹಿಮ್ಮೆಟ್ಟುವಿಕೆಯೆಂದು ಕೆಲವರು ಎನ್ನಬಹುದು. ನನಗೆ ಹಾಗೆ ತೋರುವುದಿಲ್ಲ. ಊರೆಲ್ಲ ಸುತ್ತಿದವನಿಗೆ ತನ್ನ ಮನೆಯ ಬಾಗಿಲು ಯಾವುದೆಂದು ಚೆನ್ನಾಗಿ ತಿಳಿದಿರುತ್ತದೆ. 1999ರಲ್ಲಿ ಸ್ಮಿತ್ತನೊಡನೆ ಹಳೆಯ ಮೇಳಕ್ಕೇ ಹಿಂದಿರುಗಿದನು.

2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಈ ಮೇಳವು ಹಾಡಿತು. ಭಾರತದಲ್ಲಿ ಅವರ ಮೊದಲ ಕಚೇರಿ ಅದೇ. 2009ರಲ್ಲಿ ಮತ್ತೆ ಬೆಂಗಳೂರಿಗೆ ಬಂದರು.

ನಿಜವಾದ ಪರೀಕ್ಷೆಯು ಆಮೇಲೆ ಬಂದಿತು. 2014ರಲ್ಲಿ ‘ದಿ ಬುಕ್ ಆಫ್ ಸೋಲ್ಸ್’ ಎಂಬ ಸಂಪುಟವನ್ನು ಹಾಡಿ ಮುಗಿಸಿದ ಮೇಲೆ ಆತನ ನಾಲಗೆಯ ಬುಡದಲ್ಲಿ ಕ್ಯಾನ್ಸರ್ ಗಂಟು ಇರುವುದು ಪತ್ತೆಯಾಯಿತು. ಗಾಯಕನಿಗೆ ಇದಕ್ಕಿಂತ ಘೋರವಾದ ಸುದ್ದಿ ಮತ್ತಾವುದು? ರೋಗಕ್ಕೆ ಒಂದು ಬಗೆಯ ವೈರಾಣು ಕಾರಣವೆಂದು ಆತನು ಸಂಕೋಚವಿಲ್ಲದೆ ಬಹಿರಂಗವಾಗಿ ಹೇಳಿದನು. (ಇಂತಹ ರೋಗವನ್ನು ತಂಬಾಕೂ ತರಬಲ್ಲುದು. ಹುಣಸೂರಿನಿಂದ ಹೆಗ್ಗಡದೇವನಕೋಟೆಯವರೆಗೆ ತಂಬಾಕಿನ ಬ್ಯಾರನ್ನುಗಳನ್ನೇ ನಂಬಿ ಬಾಳುವ ನಾವು ಈ ಮಾತನ್ನು ಆಡಲು ಹಿಂಜರಿಯುವೆವು.) ವಿಕಿರಣವೂ ತೀಕ್ಷ್ಣವಾದ ಔಷಧಗಳೂ ಗಂಟಲನ್ನು ಸುಟ್ಟು, ಬಾಯಿಯ ಜೊಲ್ಲನ್ನು ಬತ್ತಿಸತಕ್ಕವು, ರೋಗವು ಹೋದರೂ ಶಾರೀರವು ಉಳಿಯುವ ಭರವಸೆಯಿಲ್ಲ. 2015ರ ಮೇ ತಿಂಗಳಲ್ಲಿ ರೋಗವು ವಾಸಿಯಾಯಿತೆಂದು ವೈದ್ಯರು ಹೇಳಿದರು. ಆದರೂ ಅವಸರಪಡದೆ, ಕಂಠವು ತಾನಾಗಿ ಮಾಗುವವರೆಗೆ ಕಾದನು.

2016ರಲ್ಲಿ ಸಂಚಾರವು ಆರಂಭವಾದಾಗ ಆತನು ಹಾಡಿದ್ದು ಮಾತ್ರವಲ್ಲ, ಮೇಳವನ್ನು ಹೊತ್ತ ಬೋಯಿಂಗ್ 747 ವಿಮಾನವನ್ನೂ ತಾನೇ ನಡೆಸಿದನು. 2024ರಲ್ಲಿ, ಅರವತ್ತೈದನೆಯ ವಯಸ್ಸಿನಲ್ಲಿ, ‘ದಿ ಮ್ಯಾಂಡ್ರೇಕ್ ಪ್ರಾಜೆಕ್ಟ್’ ಎಂಬ ಸ್ವಂತ ಸಂಪುಟವನ್ನು ಹೊರತಂದನು. ಅಂತಹದನ್ನು ಆತನು ಅದಕ್ಕೆ ಮುಂಚೆ ಹೊರತಂದು ಹತ್ತೊಂಬತ್ತು ವರ್ಷಗಳಾಗಿದ್ದುವು.