ಹವ್ಯಾಸಕ್ಕೆ ಪ್ರೋಗ್ರಾಮಿಂಗ್: ಯಾವ ಭಾಷೆ, ಯಾವ ಆಪರೇಟಿಂಗ್ ಸಿಸ್ಟಂ?

ಹವ್ಯಾಸಕ್ಕೆಂದು ಪ್ರೋಗ್ರಾಂ ಬರೆಯುವವರಿಗೆ ಭಾಷೆಯನ್ನೂ ಆಪರೇಟಿಂಗ್ ಸಿಸ್ಟಮನ್ನೂ ತಾವೇ ಆರಿಸಿಕೊಳ್ಳುವ ಸ್ವಾತಂತ್ರ್ಯವಿದೆ. ಕಂಪನಿಯ ಎಂಜಿನಿಯರುಗಳಿಗೆ ಅದು ಸಿಗುವುದು ಅಪರೂಪ. ಆದರೆ ಈ ಸ್ವಾತಂತ್ರ್ಯವೇ ತೊಡಕಾಗಿ, ಎಷ್ಟೋ ಮಂದಿ ಒಂದು ಸಾಲೂ ಬರೆಯದೆ ಭಾಷೆಗಳನ್ನು ಹೋಲಿಸುತ್ತಲೇ ಉಳಿಯುತ್ತಾರೆ. ಯಾವ ಭಾಷೆ ಶ್ರೇಷ್ಠ ಎಂಬ ಚರ್ಚೆಗೆ ಕೊನೆಯಿಲ್ಲ. ಮಾಡಬೇಕಾದ ಕೆಲಸ ಯಾವುದು, ಅದು ಎಲ್ಲಿ ಓಡಬೇಕು ಎಂಬುದು ಖಚಿತವಾದರೆ ಆಯ್ಕೆ ತಾನಾಗಿಯೇ ಕಿರಿದಾಗುತ್ತದೆ.

ಬ್ರೌಸರ್‌ನಲ್ಲಿ ಓಡಬೇಕಾದ ಆಟಕ್ಕೋ ಪುಟಕ್ಕೋ ಜಾವಾಸ್ಕ್ರಿಪ್ಟ್ ಸಹಜ ಆಯ್ಕೆ. 1995ರಲ್ಲಿ ನೆಟ್‌ಸ್ಕೇಪ್‌ನ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಇದರ ಮೊದಲ ರೂಪ ಸಿದ್ಧಪಡಿಸಿದ್ದರು. ಆ ಅವಸರದ ಗುರುತು ಭಾಷೆಯಲ್ಲಿ ಇಂದಿಗೂ ಕಾಣುತ್ತದೆ. ಆದರೂ ನೋಟ್‌ಪ್ಯಾಡ್ ಮತ್ತು ಬ್ರೌಸರ್ ಇದ್ದರೆ ಕೆಲಸ ಶುರುಮಾಡಬಹುದು. ಆಂಡ್ರಾಯ್ಡ್ ಆ್ಯಪ್‌ಗೆ ಕೋಟ್ಲಿನ್, ಆರ್ಡುಯಿನೋ ಬೋರ್ಡಿಗೆ ಸಿ++ ವಾಡಿಕೆಯ ದಾರಿ.

ಮನೆಯ ಲೆಕ್ಕ, ಫೋಟೋಗಳ ಹೆಸರು ಬದಲಿಸುವುದು, ಪಠ್ಯ ಜಾಲಾಡುವುದು ಮೊದಲಾದ ಕೆಲಸಗಳಿಗೆ ಪೈಥಾನ್ ಹೇಳಿ ಮಾಡಿಸಿದ್ದು. ಗೀಡೋ ವಾನ್ ರೋಸಮ್ 1989ರ ಕ್ರಿಸ್‌ಮಸ್ ರಜೆಯಲ್ಲಿ ಹೊತ್ತು ಕಳೆಯಲೆಂದು ಶುರುಮಾಡಿದ ಭಾಷೆಯಿದು. ಕನ್ನಡ ಪಠ್ಯದ ಮೇಲೆ ಕೆಲಸ ಮಾಡುವವರಿಗೆ ಇದರ ಅನುಕೂಲ ಬೇಗ ತಿಳಿಯುತ್ತದೆ. ‘ಕನ್ನಡ’ ಎಂಬ ಪದದ ಉದ್ದ ಕೇಳಿದರೆ ಪೈಥಾನ್ 3 ಐದು ಎನ್ನುತ್ತದೆ: ಕ, ನ, ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆ (್), ಮತ್ತೆ ನ, ಡ. ಸಿ ಭಾಷೆಯಲ್ಲಿ ಉದ್ದ ಹೇಳುವ ಸ್ಟ್ರ್‌ಲೆನ್ ಫಂಕ್ಷನ್, ಯುಟಿಎಫ್-8 ಸಂಕೇತದಲ್ಲಿರುವ ಅದೇ ಪದಕ್ಕೆ 15 ಎನ್ನುತ್ತದೆ; ಅದು ಎಣಿಸುವುದು ಬೈಟ್‌ಗಳನ್ನು. ಓದುಗರ ಕಣ್ಣಿಗೆ ಮೂರೇ ಅಕ್ಷರ. ಪದ್ಯಕ್ಕೆ ಲಘು–ಗುರು ಹಾಕುವ ಪ್ರೋಗ್ರಾಂ ಬರೆಯುವವರು ಆ ಮೂರನ್ನು ತಾವೇ ಕಟ್ಟಿಕೊಳ್ಳಬೇಕು. ಐದರಿಂದ ಮೂರಕ್ಕೆ ಬರುವುದು ಹದಿನೈದರಿಂದ ಬರುವುದಕ್ಕಿಂತ ಎಷ್ಟೋ ಸುಲಭ.

ಆಪರೇಟಿಂಗ್ ಸಿಸ್ಟಂ ವಿಷಯದಲ್ಲಿ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಮನೆಯಲ್ಲಿರುವ ಕಂಪ್ಯೂಟರ್ ಯಾವುದೋ ಅದರಲ್ಲೇ ಆರಂಭಿಸುವುದು ಒಳ್ಳೆಯದು. ವಿಂಡೋಸ್‌ನಲ್ಲಿ ಪೈಥಾನ್ ಹಾಕಿಕೊಳ್ಳುವಾಗ ಮೊದಲ ಪರದೆಯ ಕೆಳಗೆ ‘ಪಾತ್’ಗೆ ಸೇರಿಸುವ ಒಂದು ಚೌಕವಿರುತ್ತದೆ. ಅದಕ್ಕೆ ಟಿಕ್ ಹಾಕದಿದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪೈಥಾನ್ ಎಂದು ಟೈಪ್ ಮಾಡಿದಾಗ ಅಂಥದ್ದೇನೂ ಸಿಗಲಿಲ್ಲವೆಂಬ ಉತ್ತರ ಬರಬಹುದು. ಹೊಸಬರು ಉತ್ಸಾಹ ಕಳೆದುಕೊಳ್ಳುವುದು ಭಾಷೆಯ ಕಷ್ಟಕ್ಕಲ್ಲ, ಇಂಥ ಸಣ್ಣಪುಟ್ಟ ಅಡ್ಡಿಗಳಿಗೆ.

ಲಿನಕ್ಸ್‌ನಲ್ಲಿ ಈ ರಗಳೆ ಕಡಿಮೆ. ಉಬುಂಟುವಿನಲ್ಲಿ ಪೈಥಾನ್ ಮೊದಲೇ ಇರುತ್ತದೆ, ಸಿ ಕಂಪೈಲರ್ ಒಂದು ಆಜ್ಞೆಗೆ ಬಂದು ಕೂರುತ್ತದೆ. ಲಿನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್‌ನಲ್ಲಿ ಲಿನಕ್ಸನ್ನು ಪ್ರಕಟಿಸಿದಾಗ, ಬರೀ ಹವ್ಯಾಸ ಎಂದೇ ಹೇಳಿಕೊಂಡಿದ್ದರು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಒಪ್ಪದ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್ ಹಾಕಿ ಇನ್ನಷ್ಟು ವರ್ಷ ದುಡಿಸಬಹುದು. ಇರುವ ವಿಂಡೋಸ್ ಅಳಿಸಲು ಮನಸ್ಸಿಲ್ಲದಿದ್ದರೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ನೋಡಬಹುದು. ವಿಂಡೋಸ್‌ನೊಳಗೇ ಲಿನಕ್ಸ್ ನಡೆಸುವ ಡಬ್ಲ್ಯುಎಸ್ಎಲ್ ಸೌಲಭ್ಯವೂ ಇದೆ. ಲಿನಕ್ಸ್‌ನಲ್ಲಿ ಕನ್ನಡ ಟೈಪಿಂಗ್‌ಗೆ, ಟೈಪಿಂಗ್ ವ್ಯವಸ್ಥೆಯಾದ ಐಬಸ್‌ನ ಎಂ17ಎನ್ ಪ್ಯಾಕೇಜ್ ಹಾಕಿಕೊಂಡರೆ ‘ನುಡಿ’ ತಂತ್ರಾಂಶದ ಕೀಲಿಮಣೆ ವಿನ್ಯಾಸವೇ ಸಿಗುತ್ತದೆ.

ಆಯ್ಕೆಗೆ ಅವಕಾಶವೇ ಇಲ್ಲದಿರುವುದು ಐಫೋನ್ ಆ್ಯಪ್ ಮಾಡುವವರಿಗೆ. ಅದಕ್ಕೆ ಬೇಕಾದ ಎಕ್ಸ್‌ಕೋಡ್ ಮ್ಯಾಕ್‌ನಲ್ಲಷ್ಟೇ ಓಡುತ್ತದೆ. ಆಪ್ ಸ್ಟೋರಿನಲ್ಲಿ ಇಡಬೇಕಾದರೆ ವರ್ಷಕ್ಕೆ 99 ಡಾಲರ್ ಬೇರೆ. ಗೂಗಲ್ ಪ್ಲೇಗೆ ಒಂದು ಸಲ 25 ಡಾಲರ್ ಕಟ್ಟಿದರಾಯಿತು.