ಉಳಿತಾಯ ಖಾತೆಗೂ ಸಿಬಿಲ್‌ಗೂ ಏನು ಸಂಬಂಧ?

ಗಂಡ ತೀರಿಕೊಂಡ ಮೇಲೆ ನನ್ನ ತಂಗಿ ತವರಿಗೆ ಬಂದು ನಮ್ಮ ಹಟ್ಟಿಯಲ್ಲೇ ಇದ್ದಾಳೆ. ಎರಡು ಹಸು, ಆರು ಕುರಿ ಸಾಕಿದ್ದಾಳೆ. ಡೇರಿ ದುಡ್ಡು ಈಗ ಖಾತೆಗೇ ಬರುವುದು, ವಿಧವಾ ವೇತನವೂ ಹಾಗೇ. ಅವಳ ಹೆಸರಿನಲ್ಲಿ ಖಾತೆಯೇ ಇರಲಿಲ್ಲ. ಹೋದ ವರ್ಷ ಶೇಂಗಾ ಬಿತ್ತನೆ ಮುಗಿಸಿ ಅವಳನ್ನು ಕರೆದುಕೊಂಡು ಬ್ಯಾಂಕಿಗೆ ಹೋದೆ. ಕೌಂಟರಿನಲ್ಲಿದ್ದವರು ಆಧಾರ್ ನೋಡಿದರು, ಗಂಡನ ಹೆಸರು ಕೇಳಿದರು. "ಅವರ ಬೆಳೆ ಸಾಲ ನಮ್ಮ ಇನ್ನೊಂದು ಶಾಖೆಯಲ್ಲಿ ಬಾಕಿ ಇದೆಯಲ್ಲ, ಸಿಬಿಲ್ ಕೆಟ್ಟಿರುತ್ತೆ, ಖಾತೆ ಕಷ್ಟ" ಅಂದುಬಿಟ್ಟರು. ತಂಗಿಯ ಮುಖ ಸಣ್ಣದಾಯಿತು. "ಬ್ಯಾಡ ಬಿಡಣ್ಣ, ಹಾಲಿನ ದುಡ್ಡೂ ಹಿಡ್ಕಂತಾರೆ" ಅಂತ ಹೊರಗೆ ಬಂದಳು. ನಾನೂ ಬಾಯಿ ಮುಚ್ಚಿಕೊಂಡು ಹಿಂದೆ ಬಂದೆ. ಗೊತ್ತಿಲ್ಲದವನು ಏನು ಮಾತಾಡುವುದು?

ಆಮೇಲೆ ನಿವೃತ್ತರಾದ ಬ್ಯಾಂಕಿನವರೊಬ್ಬರ ಹತ್ತಿರ ಎರಡು ಸಂಜೆ ಕೂತು ಕೇಳಿಕೊಂಡೆ. ತಿಳಿದದ್ದು ಇಷ್ಟು. ಬ್ಯಾಂಕಿನಲ್ಲಿ ಎರಡು ಬೇರೆ ಬೇರೆ ಪರೀಕ್ಷೆ ಇವೆ. ನೀನು ಯಾರು ಅನ್ನುವುದು ಒಂದು, ಅದಕ್ಕೆ ಕೆವೈಸಿ ಅನ್ನುತ್ತಾರೆ. ತೆಗೆದುಕೊಂಡ ಸಾಲ ಕಟ್ಟಿದ್ದೀಯಾ ಅನ್ನುವುದು ಇನ್ನೊಂದು, ಅದು ಸಿಬಿಲ್. ಉಳಿತಾಯ ಖಾತೆಯಲ್ಲಿ ದುಡ್ಡು ಇಡುವವರು ನಾವು. ಬ್ಯಾಂಕು ನಮ್ಮನ್ನು ನಂಬಿ ಏನೂ ಕೊಡುವುದಿಲ್ಲ. ಹಾಗಾಗಿ ಅದಕ್ಕೆ ಮೊದಲ ಪರೀಕ್ಷೆ ಸಾಕು. ಸಾಲ ಕೇಳಿದಾಗ ಮಾತ್ರ ಎರಡನೆಯದು.

ನಾನು ಮೊದಲ ಖಾತೆ ತೆರೆದಾಗ, 1992ರಲ್ಲಿ, ಗುರುತು ಅಂದರೆ ಪರಿಚಯದ ಸಹಿ. ಆ ಬ್ಯಾಂಕಿನಲ್ಲಿ ಖಾತೆ ಇರುವ ಒಬ್ಬರು "ಇವನನ್ನು ಬಲ್ಲೆ" ಅಂತ ಸಹಿ ಹಾಕಬೇಕಿತ್ತು. ಮಂಡಿ ಸಾಹುಕಾರರ ಸಹಿಗೆ ಮೂರು ದಿನ ಅಲೆದೆ. ಆ ಸಹಿಯ ಋಣಕ್ಕೆ ಆ ವರ್ಷದ ಶೇಂಗಾ ಅವರ ಮಂಡಿಗೇ ಹೋಯಿತು ಅನ್ನುವುದು ಬೇರೆ ಮಾತು. ಈಗ ಖಾತೆ ತೆರೆಯಲು ಯಾರ ಪರಿಚಯವನ್ನೂ ಕೇಳಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. 2002ರಿಂದ ಈಚೆಗೆ ಕೆವೈಸಿ ಬಿಗಿಯಾಗುತ್ತಾ ಬಂದು, ಕಾಗದ ಪತ್ರಗಳೇ ಸಾಕ್ಷಿ ಹೇಳುವಂತಾಗಿದೆ.

ಯಾವ ಕಾಗದ ನಡೆಯುತ್ತದೆ? ಆಧಾರ್, ಮತದಾರರ ಗುರುತಿನ ಚೀಟಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಜೊತೆಗೆ ಅಧಿಕಾರಿಯ ಸಹಿ ಇರುವ ಉದ್ಯೋಗ ಖಾತ್ರಿ ಜಾಬ್ ಕಾರ್ಡು. ಈ ಕೊನೆಯದು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ರೇಷನ್ ಕಾರ್ಡು ಈ ಪಟ್ಟಿಯಲ್ಲಿಲ್ಲ, ಅದನ್ನು ಹಿಡಿದು ವಾದ ಮಾಡಿ ಪ್ರಯೋಜನವಿಲ್ಲ. ಪಾನ್ ಕಾರ್ಡು ಇಲ್ಲದಿದ್ದರೆ ಅದಕ್ಕೆ ಬದಲಾಗಿ ಘೋಷಣೆಯ ಫಾರಂ ತುಂಬಿಕೊಡಬಹುದು, ನಾವೆಲ್ಲ ಫಾರಂ 60 ಅಂತ ತುಂಬಿದ್ದು ಅದನ್ನೇ. ಏನೂ ಕಾಗದವಿಲ್ಲದವರಿಗೂ ಸಣ್ಣ ಖಾತೆ ಅಂತ ಒಂದಿದೆ. ಫೋಟೋ ಕೊಟ್ಟು, ಅಧಿಕಾರಿಯ ಎದುರಿಗೆ ಸಹಿ ಇಲ್ಲವೇ ಹೆಬ್ಬೆಟ್ಟು ಒತ್ತಿದರೆ ಸಾಕು. ಆದರೆ ಅದರಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಜಮಾ ಆಗುವಂತಿಲ್ಲ, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ, ಯಾವಾಗಲೂ 50,000ದೊಳಗೇ ಇರಬೇಕು. ಒಂದು ವರ್ಷದ ಅವಧಿ. ಅಷ್ಟರಲ್ಲಿ ಕಾಗದಕ್ಕೆ ಅರ್ಜಿ ಹಾಕಿದ್ದು ತೋರಿಸಿದರೆ ಇನ್ನೊಂದು ವರ್ಷ ಸಿಗುತ್ತದೆ.

ನಿಜವಾದ ತೊಡಕು ಬರುವುದು ಹೆಸರಿನಲ್ಲಿ. ತಂಗಿಯ ಆಧಾರ್‌ನಲ್ಲಿ ಹೆಸರಿನ ಕೊನೆಗೆ 'ಅಮ್ಮ', ರೇಷನ್ ಕಾರ್ಡಿನಲ್ಲಿ 'ಅಕ್ಕ'. ಖಾತೆಗೆ ಇದು ಅಡ್ಡ ಬರಲಿಲ್ಲ, ವೇತನದ ಅರ್ಜಿಯಲ್ಲಿ ತಡೆಯಿತು. ಎಲ್ಲಾ ಕಡೆ ಆಧಾರ್‌ನಲ್ಲಿರುವ ಹಾಗೆಯೇ ಅಕ್ಷರಕ್ಕೆ ಅಕ್ಷರ ಬರೆಸಿ. ವಿಳಾಸ ಅವಳ ಗಂಡನ ಊರಿನದ್ದು. ಬೆರಳು ಒತ್ತಿ ಆಧಾರ್‌ನಿಂದ ಗುರುತು ಮಾಡಿಸಿದರೆ, ಈಗಿನ ವಿಳಾಸವನ್ನು ನಾವೇ ಬರೆದು ಸಹಿ ಮಾಡಿಕೊಟ್ಟರೆ ನಡೆಯುತ್ತದೆ. ಆದರೆ ಕಳೆ ಕಿತ್ತು, ಕುಂಟೆ ಹಿಡಿದು ಸವೆದ ಬೆರಳನ್ನು ಆ ಯಂತ್ರ ಒಪ್ಪಬೇಕಲ್ಲ! ನಾಲ್ಕು ಬೆರಳು ತಿರುಗಿಸಿ ತಿರುಗಿಸಿ ಇಟ್ಟ ಮೇಲೆ ಒಂದು ಹತ್ತಿತು. ಹತ್ತದೇ ಹೋದರೂ ಖಾತೆ ನಿಲ್ಲಿಸಬಾರದು, ಬೇರೆ ಕಾಗದದಿಂದ ಗುರುತು ಮಾಡಿಕೊಳ್ಳಬೇಕು.

ಎರಡನೇ ಸಲ ಹೋದಾಗ ನಾನು ನೇರ ಮ್ಯಾನೇಜರ್ ಹತ್ತಿರ ಹೋಗಿ, "ಆಗಲ್ಲ ಅನ್ನೋದಾದರೆ ಯಾಕೆ ಅಂತ ಬರೆದುಕೊಡಿ ಸಾರ್" ಅಂದೆ. ಅವರು ಬರೆದುಕೊಡಲಿಲ್ಲ, ಫಾರಂ ಕೊಟ್ಟರು. ಕನಿಷ್ಠ ಶಿಲ್ಕು ಬೇಡದ ಖಾತೆಯೇ ಆಯಿತು.

ಇನ್ನು ಗಂಡನ ಸಾಲ. ಆ ಸಾಲಕ್ಕೆ ತಂಗಿ ಜೊತೆ ಸಹಿಯನ್ನೂ ಹಾಕಿಲ್ಲ, ಜಾಮೀನೂ ನಿಂತಿಲ್ಲ. ಅವನ ಬಾಕಿ ಅವಳ ಸಿಬಿಲ್‌ಗೆ ಬರುವುದಿಲ್ಲ, ಅವಳು ದುಡಿದ ಹಾಲಿನ ದುಡ್ಡಿಗೂ ಬರುವುದಿಲ್ಲ. ಆದರೆ ಪೌತಿ ಖಾತೆ ಮಾಡಿಸಿಕೊಂಡು ಅವನ ಹೊಲ ಪಡೆದರೆ, ಆ ಆಸ್ತಿಯ ಮಟ್ಟಿಗೆ ಸಾಲವೂ ಜೊತೆಗೇ ಬರುತ್ತದೆ. ಇದನ್ನು ಅವಳಿಗೆ ಬಿಡಿಸಿ ಹೇಳಿದ್ದೇನೆ. ನಿಮ್ಮದೇ ಸಾಲ ಸುಸ್ತಿಯಾಗಿದ್ದರೆ ಮಾತು ಬೇರೆ. ಅದೇ ಬ್ಯಾಂಕಿನ ಉಳಿತಾಯ ಖಾತೆಗೆ ಬಿದ್ದ ದುಡ್ಡನ್ನು ಬಾಕಿಗೆ ಹೊಂದಿಸಿಕೊಳ್ಳಲು ಅವರು ನೋಡುತ್ತಾರೆ. ಬೇರೆ ಬ್ಯಾಂಕಿನಲ್ಲಿ ಖಾತೆ ಮಾಡುವುದು ಮೇಲು.

ಜಾಮೀನಿನ ಬಗ್ಗೆ ನನ್ನದೇ ಅನುಭವ ಇದೆ. ಪಕ್ಕದ ಹೊಲದವರ ಟ್ರ್ಯಾಕ್ಟರ್ ಸಾಲಕ್ಕೆ ಸಹಿ ಹಾಕಿ ಮರೆತೇಬಿಟ್ಟಿದ್ದೆ. ಅವರು ಕಂತು ಕಟ್ಟಲಿಲ್ಲ. ನನಗೆ ಕೊಳವೆಬಾವಿ ಮೋಟರಿಗೆ ಸಾಲ ಬೇಕಾದಾಗ ಆ ಬಾಕಿ ನನ್ನ ವರದಿಯಲ್ಲಿ ಬಂದು ಕೂತಿತ್ತು. ಆ ಬೇಸಿಗೆ ದಾಳಿಂಬೆ ಒಣಗಿತು. ಈ ವರದಿಯಲ್ಲಿ 300ರಿಂದ 900ರವರೆಗೆ ಅಂಕ ಕೊಡುತ್ತಾರೆ, ಹೆಚ್ಚಿದ್ದಷ್ಟೂ ಒಳ್ಳೆಯದು. ಸಿಬಿಲ್ ಅಂತ ನಾವು ಕರೆದರೂ ಅಂಥ ಸಂಸ್ಥೆಗಳು ನಾಲ್ಕಿವೆ. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಅದಕ್ಕಾಗಿ ಯಾರಿಗೂ 500 ರೂಪಾಯಿ ಕೊಡಬೇಡಿ, ಮೊಬೈಲು ಬಲ್ಲ ಮಕ್ಕಳಿಂದ ತೆಗೆಸಿ. ತೀರಿಸಿದ ಸಾಲ ಇನ್ನೂ ಬಾಕಿ ಅಂತ ಕಂಡರೆ ದೂರು ಕೊಡಿ. 30 ದಿನದೊಳಗೆ ಸರಿ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅನ್ನುವ ನಿಯಮ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿದೆ.

ಮತ್ತೊಂದು ಮಾತು. 2014ರ ಆಗಸ್ಟ್‌ನಲ್ಲಿ ಶುರುವಾದ ಜನಧನ್ ಖಾತೆಗಳಿಗೆ ಹತ್ತು ವರ್ಷ ತುಂಬಿ, ಮತ್ತೆ ಕೆವೈಸಿ ಕೇಳುತ್ತಿದ್ದಾರೆ. ವಿಳಾಸ, ಹೆಸರು ಏನೂ ಬದಲಾಗದಿದ್ದರೆ ಹಾಗೆಂದು ಬರೆದುಕೊಟ್ಟರೆ ಮುಗಿಯಿತು, ಊರಿಗೆ ಬರುವ ಬ್ಯಾಂಕ್ ಮಿತ್ರನ ಹತ್ತಿರವೂ ಕೊಡಬಹುದು. ಫೋನಿನಲ್ಲಿ "ಕೆವೈಸಿ ಮಾಡ್ತೀವಿ, ನಂಬರ್ ಹೇಳಿ" ಅಂದರೆ ಫೋನ್ ಇಟ್ಟುಬಿಡಿ.

ತಂಗಿಯ ಖಾತೆಗೆ ಹಾಲಿನ ದುಡ್ಡು ನಾಲ್ಕು ಬಟವಾಡೆ ಬಂದಿದೆ. ಪಾಸ್‌ಬುಕ್ಕನ್ನು ರಾಗಿ ಕಣಜದ ಮೇಲಿನ ಗೂಡಿನಲ್ಲಿ ಇಟ್ಟಿದ್ದಾಳೆ, ನನಗೂ ಮುಟ್ಟಲು ಬಿಡುವುದಿಲ್ಲ. ವೇತನದ ಅರ್ಜಿಗೆ ಹೆಸರು ತಿದ್ದಿಸಿ ಮತ್ತೆ ಕೊಟ್ಟಿದ್ದೇವೆ.